ಸಾಹುಕಾರರ ಟ್ಯಾಲಿ

ತುರುವನೂರಿನ ಗೊಬ್ಬರದಂಗಡಿ ಸಾಹುಕಾರರಿಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ. ಮೆಕ್ಕೆಜೋಳದ ಬೀಜ ಬಂದರೆ ಕನ್ನಡಕ ಹಣೆಗೇರಿಸಿ, ಪ್ಯಾಕೆಟ್ಟಿನ ಲಾಟ್ ನಂಬರು, ವಾಯಿದೆ ಎಲ್ಲ ಓದುತ್ತಾರೆ. ‘ಬಿಲ್ ಇಲ್ದಿರೋ ಔಷಧಿ ಹೊಡೀಬೇಡ್ರಪ್ಪ’ ಎಂದು ರೈತರಿಗೆ ಬುದ್ಧಿ ಹೇಳುತ್ತಾರೆ. ಕಂಪ್ಯೂಟರಿನಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿ ಕಂಡರೆ ಮಾತ್ರ ಓದದೇ ಒತ್ತುತ್ತಾರೆ. ‘ಒಪ್ಪದಿದ್ರೆ ಅದು ಮುಂದಕ್ಕೇ ಹೋಗಲ್ವಲ್ಲ!’

ಚಿತ್ರದುರ್ಗದಿಂದ ಬಸ್ಸಿಗೆ ಬರುವ ಲೆಕ್ಕದ ಹುಡುಗನ ಜೊತೆ ಅಂಗಡಿ ಲೆಕ್ಕದ ತಂತ್ರಾಂಶ ಟ್ಯಾಲಿಯ ಬಗ್ಗೆ ಅವರದು ನಿತ್ಯದ ಪಂಚಾಯ್ತಿ.

‘ಭಾಮೈದನ ಈರುಳ್ಳಿ ಮಂಡಿಗೂ ಇದೇ ಟ್ಯಾಲಿ ಹಾಕ್ಕೊಡೋ.’

‘ಬರಲ್ಲ ಸಾಹುಕಾರ್ರೇ. ಸಿಂಗಲ್ ಯೂಸರ್ ಇದು, ಒಂದೇ ಕಂಪ್ಯೂಟರಿಗೆ.’

‘ಟ್ರ್ಯಾಕ್ಟರ್ ನಂದು. ಭಾಮೈದನ ಹೊಲ ಉಳಬೇಡ ಅಂತ ಶೋರೂಮಿನೋನು ಹೇಳ್ತಾನೇನೋ?’

‘ಒಂದೇ ಟ್ರ್ಯಾಕ್ಟರು ಒಂದೇ ಹೊತ್ತಿಗೆ ಎರಡೂ ಹೊಲ ಉಳುತ್ತಾ?’

ಸಾಹುಕಾರರು ಟೀ ತರಿಸಿದರು. ಮಾತು ಸೋತಾಗಲೆಲ್ಲ ಅವರು ಟೀ ತರಿಸುತ್ತಾರೆ. ಆ ಹುಡುಗನಿಗೆ ಈಗ ಅಸಿಡಿಟಿ.

ದೊಡ್ಡ ಜಗಳ ಟಿಎಸ್‌ಎಸ್, ಅಂದರೆ ಟ್ಯಾಲಿಯ ಸೇವಾ ಚಂದಾ, ನವೀಕರಣದ್ದು. ‘ದುಡ್ಡು ಕೊಟ್ಟು ಕೊಂಡಿದ್ದಕ್ಕೆ ಮತ್ಯಾಕೆ ದುಡ್ಡು?’ ಎನ್ನುವಾಗ ಅವರ ಬೆನ್ನ ಹಿಂದೆಯೇ ಗೊಬ್ಬರದ ಲೈಸೆನ್ಸು ಕಟ್ಟು ಹಾಕಿಸಿಕೊಂಡು ನೇತಾಡುತ್ತಿರುತ್ತದೆ. ಅದನ್ನು ರಿನ್ಯೂವಲ್ ಮಾಡಿಸಲು ಅವರು ಕೃಷಿ ಇಲಾಖೆಗೆ ಒಂದು ದಿನವೂ ತಡಮಾಡಿ ಹೋದವರಲ್ಲ.

ಹಾಗಂತ ಅವರ ಮಾತಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಟ್ಯಾಲಿಯ ಶಾಶ್ವತ ಲೈಸೆನ್ಸು ಕೊಂಡರೆ ಕೈಯಲ್ಲಿರುವ ಆವೃತ್ತಿ ನವೀಕರಣ ಮಾಡಿಸದಿದ್ದರೂ ನಡೆಯುತ್ತದೆ. ಹೊಸ ಆವೃತ್ತಿ, ಆನ್‌ಲೈನ್ ಸೌಲಭ್ಯ ಬೇಕೆಂದರಷ್ಟೇ ಟಿಎಸ್‌ಎಸ್. ಫೋನ್ ಮಾಡಿ ಅವಸರಪಡಿಸುವವರು ಇದನ್ನು ಬಿಡಿಸಿ ಹೇಳುವುದಿಲ್ಲ, ಕೊಳ್ಳುವವರೇ ಕೇಳಬೇಕು. ಆದರೆ 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ವ್ಯಾಟ್ ಕಾಲದ ಆವೃತ್ತಿಗೆ ಅದರ ಗಂಧವೇ ಇರಲಿಲ್ಲ. ಸಾಹುಕಾರರು ಬಿಲ್ ಬುಕ್ಕಿಗೆ ಕಾರ್ಬನ್ ಇಟ್ಟು ಬರೆಯತೊಡಗಿದರು.

ಯಾರೋ ಪೆನ್‌ಡ್ರೈವಿನಲ್ಲಿ ‘ಕ್ರ್ಯಾಕ್’ ತಂದರು. ಹಾಕುವ ಮೊದಲು ಆಂಟಿವೈರಸ್ ಬಂದ್ ಮಾಡಬೇಕಂತೆ. ಸಾಹುಕಾರರ ಮೂಗು ಚುರುಕಾಯಿತು: ‘ಬಿಲ್ ಐತೇನಪ್ಪಾ ಇದಕ್ಕೆ?’ ಬಂದವನು ಪೆನ್‌ಡ್ರೈವ್ ಜೇಬಿಗಿಳಿಸಿದ.

ಕೊನೆಗೆ ನವೀಕರಣಕ್ಕೆ ದುಡ್ಡು ಎಣಿಸಿದರು, ಎರಡೆರಡು ಸಲ. ಹುಡುಗ ಹೊಸ ಆವೃತ್ತಿ ಇಳಿಸಿ, ಹಳೇ ಲೆಕ್ಕವನ್ನೆಲ್ಲ ಬ್ಯಾಕಪ್ಪಿನಿಂದ ತಂದು ಕೂರಿಸಿದ. ಸಾಹುಕಾರರು ಪರದೆಯತ್ತ ಬಗ್ಗಿ ನೋಡಿ, ದನಿ ತಗ್ಗಿಸಿ ಕೇಳಿದರು:

‘ಹಳೇ ವರ್ಷನ್ನು ಎಕ್ಸ್‌ಚೇಂಜಿಗೆ ಎಷ್ಟಕ್ಕೆ ಹಿಡೀತಾರಂತೆ?’