ಲಾರಿ ಹಿಂದಕ್ಕೆ ಬಂತೋ, ಹಿಂದಕ್ಕೆ ಜಾರ್ತೋ?

"ಮೇಷ್ಟ್ರೇ, ಒಸಿ ಈ ಕಡೆ ಬನ್ನಿ. ನಮ್ಮ ಹುಡುಗನಿಗೆ ಅದೇನೋ ಇಂಗ್ಲಿಷ್ ತೊಡಕಂತೆ" ಅಂತ ಬೇಲಿಯಾಚೆಯಿಂದ ಪಕ್ಕದ ಮನೆ ಅಕ್ಕ ಕೂಗಿದರು. ಕೈಯಲ್ಲಿ ಅವರೆಕಾಯಿ ಮೊರ. ಪಕ್ಕದಲ್ಲಿ ಮಗ, ಮೊಬೈಲ್ ಹಿಡಿದು ಮುಖ ಸಣ್ಣ ಮಾಡಿಕೊಂಡು ನಿಂತಿದ್ದ. ನಮ್ಮ ಹೊಸಕೋಟೆಯ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಒಂದು ಗೋಡೌನಿನಲ್ಲಿ ಅವನಿಗೆ ಡಿಸ್ಪ್ಯಾಚ್ ಕೆಲಸ. ಹಿಂದಿನ ದಿನ ಲೋಡಾಗಿ ನಿಂತಿದ್ದ ಲಾರಿಯೊಂದು ಗೇಟಿನ ಕಂಬಕ್ಕೆ ಹೊಡೆದಿದೆ. ಏನಾಯಿತು ಅಂತ ಇಂಗ್ಲಿಷಿನಲ್ಲಿ ಬರೆದು ಮೇಲ್ ಹಾಕು ಅಂದಿದ್ದಾರೆ. ಇವನು 'ಲಾರಿ ರಿಟ್ರೀಟೆಡ್' ಅಂತ ಬರೆದ. ಸರಿ ಮಾಡಿ ಕಳಿಸು ಅಂತ ಮೇಲ್ ವಾಪಸ್ ಬಂದಿದೆ.

"ಮೊಬೈಲಲ್ಲಿ ಹಾಕಿದ್ರೆ ರಿಟ್ರೀಟ್, ರಿಸೀಡ್, ವಿತ್‌ಡ್ರಾ, ರಿವರ್ಸ್, ಬ್ಯಾಕ್ ಎಲ್ಲಾ ಸಾಲಾಗಿ ಬರ್ತವೆ ಸಾರ್. ಎಲ್ಲಾದಕ್ಕೂ ಅರ್ಥ ಒಂದೇ ಅಲ್ವಾ?"

ಅಲ್ಲ. ಆದರೆ ಅಲ್ಲ ಅನ್ನುವುದನ್ನು ಇಂಗ್ಲಿಷಿನಿಂದಲೇ ತಿಳಿಸಲು ಹೋದರೆ ಇನ್ನಷ್ಟು ಗೋಜಲು. "ಅದು ಬಿಡಪ್ಪ, ಏನಾಯ್ತು ಅಂತ ನಿಮ್ಮಮ್ಮನಿಗೆ ಹೇಳೋ ಹಾಗೆ ಹೇಳು" ಅಂದೆ.

"ಡ್ರೈವರ್ ಕೆಳಗಿಳಿದು ಬಿಲ್ಲಿಗೆ ಸೈನ್ ಹಾಕಿಸ್ಕೊಳ್ತಿದ್ದ. ಗೇಟ್ ಹತ್ರ ಇಳಿಜಾರು. ಚಕ್ರಕ್ಕೆ ಕಲ್ಲು ಕೊಟ್ಟಿರ್ಲಿಲ್ಲ. ಲಾರಿ ತಾನೇ ಹಿಂದಕ್ಕೆ ಜಾರ್ತು."

ಹುಡುಗ ತನಗೆ ಗೊತ್ತಿಲ್ಲದಂತೆಯೇ ಉತ್ತರ ಹೇಳಿಬಿಟ್ಟಿದ್ದ. ಸ್ಟೀರಿಂಗ್ ಹಿಡಿದವನು ಗೇರ್ ಹಾಕಿ ತಂದರೆ ನಾವು 'ಹಿಂದಕ್ಕೆ ತಗೊಂಡ' ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ರಿವರ್ಸ್, ಆಡುಮಾತಿನಲ್ಲಿ ಬ್ಯಾಕ್. ಹಿಡಿದವರು ಯಾರೂ ಇಲ್ಲದೆ ಬಂಡಿ ತಾನಾಗಿ ಬಂದರೆ 'ಹಿಂದಕ್ಕೆ ಜಾರ್ತು'. ಅದು ರೋಲ್ ಬ್ಯಾಕ್. ಅವನು ರಿವರ್ಸ್ ಅಂತ ಬರೆದಿದ್ದರೆ ಇಂಗ್ಲಿಷ್ ಸರಿಯಾಗಿಯೇ ಕಾಣುತ್ತಿತ್ತು, ಸಂಗತಿ ಮಾತ್ರ ಸುಳ್ಳಾಗುತ್ತಿತ್ತು. ನೋಡದೆ ಗಾಡಿ ತಂದ ಅನ್ನುವುದು ಒಂದು ತಪ್ಪು, ಕಲ್ಲು ಕೊಡದೆ ಇಳಿದು ಹೋದ ಅನ್ನುವುದು ಬೇರೆ ತಪ್ಪು. ಇನ್ಶೂರೆನ್ಸಿನವರು ಕೇಳುವುದೂ ಇದನ್ನೇ, ಡ್ರೈವರನ ಸಂಬಳ ನಿಂತಿರುವುದೂ ಇದರ ಮೇಲೇ. ಒಂದು ಕ್ರಿಯಾಪದ ಆರಿಸುವುದಕ್ಕೆ ನಾನು ಇಷ್ಟು ಹಟ ಮಾಡುವುದು ಅದಕ್ಕೇ.

ಅಂದಹಾಗೆ ಗಾಡಿ ಹಿಂದಕ್ಕೆ ತರುವುದಕ್ಕೂ ಕಾನೂನುಂಟು. 1989ರ ರಸ್ತೆ ನಿಯಮಾವಳಿಯಲ್ಲೇ ಇದಕ್ಕೆ ಪ್ರತ್ಯೇಕ ನಿಯಮವಿತ್ತು: ಯಾರಿಗೂ ಅಪಾಯವಿಲ್ಲ, ತೊಂದರೆಯಿಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಹಿಂದಕ್ಕೆ ಬರಬಾರದು, ಗಾಡಿ ತಿರುಗಿಸಲು ಬೇಕಾದಷ್ಟಕ್ಕಿಂತ ಹೆಚ್ಚು ದೂರವೂ ಬರಬಾರದು. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು. ನಮ್ಮ ಲಾರಿಗಳಿಗೆ ಈಗಲೂ ಕ್ಲೀನರ್ ಹುಡುಗರ 'ಬರ್ಲಿ, ಬರ್ಲಿ, ಹೋಲ್ಡ್' ಅನ್ನುವ ಕೂಗೇ ಕಣ್ಣು.

"ಹಂಗಾದ್ರೆ ಆ ರಿಟ್ರೀಟು ಯಾವಾಗ ಬಳಸೋದು ಮೇಷ್ಟ್ರೇ?" ಅಂತ ಅಕ್ಕ ಕೇಳಿದರು. ಅವರು ಓದಿದ್ದು ಕಡಿಮೆ, ಕೇಳುವುದು ಮಾತ್ರ ಸರಿಯಾದ ಪ್ರಶ್ನೆಯನ್ನೇ.

ರಿಟ್ರೀಟ್‌ಗೆ ಎದುರಿಗೆ ಒಂದು ಒತ್ತಡ ಇರಬೇಕು. ಕನ್ನಡದಲ್ಲಿ ಹಿಮ್ಮೆಟ್ಟುವುದು ಅಂದರೆ ಸರಿ. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ಇಡುವುದು, ಅದೂ ಬೇರೆ ದಾರಿಯಿಲ್ಲದೆ. ಇದಕ್ಕೆ ನಮ್ಮ ಸೀಮೆಯ ಚರಿತ್ರೆಯೇ ಸಾಕ್ಷಿ. 1791ರಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನನ ಮೇಲೆ ಕೋಲಾರ, ಹೊಸಕೋಟೆ ದಾರಿಯಾಗಿ ದಂಡು ತಂದು ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದ. ಮುಂದೆ ಶ್ರೀರಂಗಪಟ್ಟಣಕ್ಕೆ ಹೋದ. ಮೇ 15ರಂದು ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಗೆದ್ದವನೂ ಅವನೇ. ಆದರೆ ಮಳೆ ಹಿಡಿಯಿತು, ದಂಡಿಗೆ ರೋಗ ಬಂತು, ದವಸ ಮುಗಿಯಿತು, ಫಿರಂಗಿ ಎಳೆಯುವ ಎತ್ತುಗಳು ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಾರೆ ಹಾಳುಮಾಡಿ ಬೆಂಗಳೂರಿನ ಕಡೆಗೆ ತಿರುಗಬೇಕಾಯಿತು. ಕಾಳಗ ಗೆದ್ದವನೂ ಹಿಮ್ಮೆಟ್ಟಬಹುದು ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ನಿದರ್ಶನ ನನಗೆ ಗೊತ್ತಿಲ್ಲ. ಮಾರನೆಯ ವರ್ಷ, 1792ರ ಫೆಬ್ರವರಿಯಲ್ಲಿ, ಅವನು ಮತ್ತೆ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತ. ಅದು ರಿಟರ್ನ್, ಮರಳಿ ಬಂದದ್ದು. ಲಾರಿಗೆ ಎದುರಾಳಿಯೂ ಇಲ್ಲ, ಸೋಲುವ ಭಯವೂ ಇಲ್ಲ. ಹಾಗಾಗಿ ಲಾರಿ ಎಂದೂ ರಿಟ್ರೀಟ್ ಆಗುವುದಿಲ್ಲ.

ವಿತ್‌ಡ್ರಾ ವಿಷಯ ಬಂದಾಗ ಮಾತು ದೇವನಹಳ್ಳಿಗೆ ಹೋಯಿತು. ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ ಬದುಕುವವರಿಗೆ ಆ ಸುದ್ದಿ ದೂರದ್ದಲ್ಲ. ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಜಮೀನು ಬೇಕು ಅಂತ ಸರ್ಕಾರ ಹೊರಟಿತು. ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಆ ಭೂಸ್ವಾಧೀನ ಕೈಬಿಟ್ಟಿದ್ದೇವೆ ಅಂದರು. ಇಲ್ಲಿ ಸರ್ಕಾರ ಮಾಡಿದ್ದು ವಿತ್‌ಡ್ರಾ. ತಾನೇ ಚಾಚಿದ ಕೈಯನ್ನು ತಾನೇ ಹಿಂತೆಗೆದುಕೊಂಡದ್ದು. ರೈತರ ಬಗ್ಗೆ ಬರೆಯುವಾಗ ಬ್ಯಾಕ್ ಡೌನ್ ಅನ್ನುವ ಇಂಗ್ಲಿಷ್ ಮಾತಿಗೆ ಒಂದು 'ಇಲ್ಲ' ಸೇರಿಸಬೇಕು: ಅವರು ಜಗ್ಗಲಿಲ್ಲ. ಆ ಒಂದು 'ಇಲ್ಲ' ಕೇಳಿ ಅಕ್ಕನ ಮುಖ ಅರಳಿತು. ಆ ಊರುಗಳಲ್ಲಿ ಅವರ ನೆಂಟರಿದ್ದಾರೆ.

ಬ್ಯಾಂಕಿನ ವಿತ್‌ಡ್ರಾ ಕೂಡ ಇದೇ ಜಾತಿಯದು, ಇಟ್ಟದ್ದನ್ನು ಇಟ್ಟವರೇ ತೆಗೆದುಕೊಳ್ಳುವುದು. 2023ರ ಮೇ 19ರಂದು ರಿಸರ್ವ್ ಬ್ಯಾಂಕ್ 2,000 ರೂಪಾಯಿ ನೋಟನ್ನು ಚಲಾವಣೆಯಿಂದ ಹಿಂಪಡೆಯಿತು, ರದ್ದು ಮಾಡಲಿಲ್ಲ. ಆ ವಾರ ನಮ್ಮ ಸಂತೆಯಲ್ಲಿ ಎಷ್ಟೋ ಜನ ಈ ಎರಡನ್ನೂ ಒಂದೇ ಅಂದುಕೊಂಡು ಸುಮ್ಮನೆ ಗಾಬರಿಯಾದರು.

ಪಾಠಪುಸ್ತಕದಲ್ಲಿ ಮಕ್ಕಳು ರಿಟ್ರೀಟಿಂಗ್ ಮಾನ್ಸೂನ್ ಅಂತ ಓದುತ್ತಾರೆ. ಹವಾಮಾನ ಇಲಾಖೆಯವರು ಅದನ್ನೇ ವಿತ್‌ಡ್ರಾವಲ್ ಅನ್ನುತ್ತಾರೆ. ಸೆಪ್ಟೆಂಬರ್ 17ರ ಸುಮಾರಿಗೆ ಪಶ್ಚಿಮ ರಾಜಸ್ಥಾನದಿಂದ ಮುಂಗಾರು ಸರಿಯತೊಡಗಿ ಅಕ್ಟೋಬರ್ 15ರ ಹೊತ್ತಿಗೆ ದೇಶವಿಡೀ ಬಿಡುವುದು ವಾಡಿಕೆ. ಈ ಎರಡು ಇಂಗ್ಲಿಷ್ ಮಾತಿನಲ್ಲೂ ಮಳೆ ಹೊರಟುಹೋಗುತ್ತದೆ. ಹೊಸಕೋಟೆ ಕಡೆಯ ರಾಗಿ ಬೆಳೆಗಾರನಿಗೆ ಹಾಗಲ್ಲ. ಮುಂಗಾರು ಮುಗಿದ ಮೇಲೆ ಬಂಗಾಳ ಕೊಲ್ಲಿಯ ಕಡೆಯಿಂದ ಹಿಂಗಾರು ಬರುತ್ತದೆ, ತೆನೆ ಕಟ್ಟುವ ಹೊತ್ತಿನಲ್ಲಿ ಅದೇ ಆಸರೆ. ಹಿಂಗಾರು ಅಂದರೆ ಹೋಗುವ ಮಳೆಯಲ್ಲ, ಹಿಂದಿನಿಂದ ಬರುವ ಮಳೆ. ಇದನ್ನು ಇಂಗ್ಲಿಷಿಗೆ ಹೇಳುವಾಗ ನಾರ್ತ್-ಈಸ್ಟ್ ಮಾನ್ಸೂನ್ ಅನ್ನುವುದೇ ಸರಿ.

ರಿಸೀಡ್ ಅಂದರೆ ಕೆರೆಯ ನೀರು ಇಳಿದ ಹಾಗೆ. ಯಾರೂ ತಳ್ಳದೆ, ಯಾರೂ ಎಳೆಯದೆ, ಕಂಡೂ ಕಾಣದ ಹಾಗೆ ದಡ ಬಿಟ್ಟು ಹೋಗುವುದು. ಹೊಸಕೋಟೆ ದೊಡ್ಡಕೆರೆಗೆ ಒಪ್ಪುತ್ತದೆ, ನೆತ್ತಿಯ ಕೂದಲಿಗೂ ಒಪ್ಪುತ್ತದೆ. ಹಾವು ಕಂಡು ತಟ್ಟನೆ ಹಿಂದಕ್ಕೆ ಸರಿದರೆ ರಿಕಾಯಿಲ್.

ಅಷ್ಟರಲ್ಲಿ ಹುಡುಗ ಮೊಬೈಲಿನಲ್ಲಿ ಎರಡೇ ಸಾಲು ಬರೆದು ಮುಗಿಸಿದ್ದ. ಡ್ರೈವರ್ ಸೀಟಿನಲ್ಲಿ ಇರಲಿಲ್ಲ, ಚಕ್ರಕ್ಕೆ ತಡೆ ಇರಲಿಲ್ಲ, ಲಾರಿ ಇಳಿಜಾರಿನಲ್ಲಿ 'ರೋಲ್ಡ್ ಬ್ಯಾಕ್' ಆಗಿ ಕಂಬಕ್ಕೆ ತಗುಲಿತು. ಓದಿ ನೋಡಿದೆ, ತಿದ್ದುವುದೇನೂ ಇರಲಿಲ್ಲ. ಮೇಲ್ ಒಪ್ಪಿದರಂತೆ. ಗೇಟಿನ ಹತ್ತಿರ ಮರದ ಎರಡು ಅಡ್ಡದಿಮ್ಮಿಯನ್ನೂ ತಂದಿಟ್ಟಿದ್ದಾರಂತೆ. ಬರೀ ರಿವರ್ಸ್ ಅಂತ ಬರೆದಿದ್ದರೆ ಆ ದಿಮ್ಮಿ ಬರುತ್ತಿರಲಿಲ್ಲ.

ನಮ್ಮ ಕಡೆ ಹತ್ತನೇ ತರಗತಿ, ಐಟಿಐ, ಡಿಪ್ಲೊಮಾ ಮುಗಿಸಿ ಫ್ಯಾಕ್ಟರಿ ಸೇರುವ ಮಕ್ಕಳು ಕೆಲಸದಲ್ಲಿ ಹಿಂದೆ ಬೀಳುವುದಿಲ್ಲ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವಾಗ ಮಾತ್ರ ಕೈ ನಡುಗುತ್ತದೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಹೀಗೆ ಮೊಬೈಲ್ ಹಿಡಿದು ಬಂದು ನಿಂತರೆ, ದಯವಿಟ್ಟು ಇಂಗ್ಲಿಷ್ ಪದ ಹೇಳಲು ಅವಸರಪಡಬೇಡಿ. ಯಾರು ಸರಿಸಿದರು, ತಾನೇ ಸರಿಯಿತಾ, ಎದುರಿಗೆ ಯಾರಿದ್ದರು ಅಂತ ಮೊದಲು ಕನ್ನಡದಲ್ಲಿ ಕೇಳಿ.