ಪಾಕಲ ಮೀಮಾಂಸೆ, ಅಥವಾ ದೊಡ್ಡ ಕಾಡುಪ್ರಾಣಿಗಳ ಜ್ವರ ನೋಡುವ ಶಾಸ್ತ್ರ

ವಿಷಯ

ಅಂಗದೇಶದ ರೋಮಪಾದ ಮಹಾರಾಜನಿಗೆ ಪಾಲಕಾಪ್ಯ ಮುನಿ ಹಸ್ತ್ಯಾಯುರ್ವೇದವನ್ನು ಉಪದೇಶಿಸುವಾಗ ಆನೆಗೆ ಬರುವ ಜ್ವರವನ್ನು ‘ಪಾಕಲ’ವೆಂದು ಕರೆದು ಅದರ ಲಕ್ಷಣ, ಚಿಕಿತ್ಸೆಗಳನ್ನೆಲ್ಲ ಹೇಳಿದ. ಥರ್ಮಾಮೀಟರನ್ನು ಎಲ್ಲಿ ಇಡಬೇಕೆಂಬ ಬಗ್ಗೆ ಮಾತ್ರ ಚಕಾರವೆತ್ತಲಿಲ್ಲ. ಆಗಿನ್ನೂ ಥರ್ಮಾಮೀಟರ್ ಹುಟ್ಟಿರಲಿಲ್ಲ ಎಂಬುದು ಅಲ್ಪಮತಿಗಳ ಸಮಾಧಾನ. ಮುನಿಗೆ ಆನೆಯ ಸ್ವಭಾವ ಚೆನ್ನಾಗಿ ಗೊತ್ತಿತ್ತು ಎಂಬುದು ನಮ್ಮ ಅಭಿಮತ. ಹಾಗೆ ಉಳಿದುಹೋದ ಸ್ಥಳನಿರ್ದೇಶವನ್ನು ಪೂರೈಸುವುದೇ ಈ ಪ್ರಬಂಧದ ವಿಷಯ.

ಸಂಶಯ

ಏಷ್ಯಾದ ಆನೆಯ ಸಹಜ ಮೈಬಿಸಿ ಸುಮಾರು 36ರಿಂದ 37 ಡಿಗ್ರಿ ಸೆಲ್ಸಿಯಸ್. ಅಂದರೆ ನಾಲ್ಕು ಟನ್ ತೂಗುವ ಪ್ರಾಣಿ ಈ ಪ್ರಬಂಧಕಾರರಿಗಿಂತ ಹೆಚ್ಚು ಬಿಸಿಯೇನಲ್ಲ. ಇಂಥ ಸಾಧಾರಣ ಅಂಕಿಯನ್ನು ತಿಳಿಯಹೊರಟವನಿಗೆ ಬರುವ ಸಂಶಯ ಮಾತ್ರ ಅಸಾಧಾರಣ: ಸಿಕ್ಕಿದ್ದು ಪ್ರಾಣಿಯ ಮೈಬಿಸಿಯೋ, ಅಳೆಯಲು ಬಂದವನನ್ನು ಕಂಡು ಏರಿದ ಬಿಸಿಯೋ? ಈ ಕುರಿತು ನಾಲ್ಕು ಮತಗಳಿವೆ.

ಹಿಂಬಾಗಿಲವಾದ

ಥರ್ಮಾಮೀಟರಿಗೆ ಗುದವೇ ತಕ್ಕ ಸ್ಥಳವೆಂಬುದು ಈ ಮತ. 1973ರಲ್ಲಿ ಹಾರ್ವರ್ಡ್‌ನ ಟೇಲರ್ ಮತ್ತು ರೌನ್‌ಟ್ರೀ ಎಂಬ ವಿದ್ವಾಂಸರು ಚೀತಾಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಗುದದ ಬಿಸಿಯನ್ನು ಅಳೆದರು. 40.5 ಡಿಗ್ರಿಯ ಹೊತ್ತಿಗೆ ಚೀತಾಗಳು ಇನ್ನು ಓಡಲೊಲ್ಲೆವೆಂದವು. ಮೈ ಕಾದರೆ ಚೀತಾ ಬೇಟೆ ಕೈಬಿಡುತ್ತದೆ ಎಂಬ ಮಾತು ಅಲ್ಲಿ ಹುಟ್ಟಿ, ನಲವತ್ತು ವರ್ಷ ವೇದವಾಕ್ಯವಾಗಿ ಮೆರೆಯಿತು. ಟ್ರೆಡ್‌ಮಿಲ್‌ನ ತುದಿಯಲ್ಲಿ ಜಿಂಕೆ ಇರಲಿಲ್ಲವೆಂಬ ಸೂಕ್ಷ್ಮ ಯಾರಿಗೂ ದೊಡ್ಡದೆನಿಸಲಿಲ್ಲ. 2013ರಲ್ಲಿ ನಮೀಬಿಯಾದಿಂದ ಇನ್ನೊಂದು ದಾಖಲೆ ಬಂತು. ಅಲ್ಲಿನ ಚೀತಾಗಳು ಮೈಯೊಳಗೆ ಬಿಸಿ ದಾಖಲಿಸುವ ಪುಟ್ಟ ಲಾಗರ್ ಹೊತ್ತು, ತಮಗೆ ಬೇಕಾದಾಗ, ಬೇಕಾದದ್ದನ್ನು ಅಟ್ಟಿದ್ದವು. ಓಡುವಾಗ ಬಿಸಿ ಹೇಳಿಕೊಳ್ಳುವಷ್ಟು ಏರಿರಲಿಲ್ಲ. ಓಟ ಮುಗಿಸಿ ಕುಳಿತ ಮೇಲೆ ಏರಿತ್ತು, ಅದೂ ಬೇಟೆ ಸಿಕ್ಕಿದ್ದರೆ ಹೆಚ್ಚು. ಸಿಕ್ಕ ತುತ್ತನ್ನು ಯಾರು ಬಂದು ಕಸಿಯುತ್ತಾರೋ ಎಂಬ ಕಳವಳವೇ ಕಾರಣವಿರಬೇಕೆಂದು ಸಂಶೋಧಕರು ಊಹಿಸಿದರು. ಈ ಲಕ್ಷಣ ಹೊಸದಾಗಿ ಬಡ್ತಿ ಪಡೆದ ನೌಕರರಲ್ಲೂ ಕಾಣುವುದುಂಟು. ಅದು ಬೇರೆ ಪ್ರಬಂಧದ ವಸ್ತು.

ಇನ್ನು ಹೆಲಿಕಾಪ್ಟರ್‌ನಲ್ಲಿ ಅಟ್ಟಿ, ಅರಿವಳಿಕೆ ಹೊಡೆದು ಬೀಳಿಸಿದ ಪ್ರಾಣಿಯ ಮೈ 41, 42 ಡಿಗ್ರಿ ಮುಟ್ಟಿಬಿಡಬಹುದು. ಬಕೆಟ್‌ಗಟ್ಟಲೆ ನೀರು ಸುರಿದು ತಣಿಸಬೇಕು. ಇಲ್ಲಿ ಜ್ವರ ನೋಡಲು ಬಂದ ವೈದ್ಯನೇ ಜ್ವರ. ಆದ್ದರಿಂದ ಈ ಮತ ಖಂಡಿತವಾಯಿತು.

ದೂರದೃಷ್ಟಿವಾದ

ಮುಟ್ಟುವುದೇ ಬೇಡ, ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ಮರದ ಮರೆಯಲ್ಲಿ ನಿಂತರೆ ಸಾಕೆನ್ನುವರು ಇವರು. ಆನೆಯ ಕಿವಿಯ ರಕ್ತನಾಳಗಳು ಹಿಗ್ಗಿದಾಗ ಆ ಜಾಗ ಚಿತ್ರದಲ್ಲಿ ಧಗಧಗ ಹೊಳೆಯುತ್ತದೆ. ಕುಗ್ಗಿದಾಗ ಕಿವಿ ಸುತ್ತಲಿನ ಗಾಳಿಯಷ್ಟೇ ತಣ್ಣಗೆ ಕಾಣುತ್ತದೆ. ಆನೆ ಒಂದೇ, ಒಳಗಿನ ಬಿಸಿಯೂ ಒಂದೇ, ಚಿತ್ರ ಮಾತ್ರ ಎರಡು. ಕ್ಯಾಮೆರಾ ಕಾಣುವುದು ಹೊರಮೈಯನ್ನಷ್ಟೆ. ಕೆಸರಲ್ಲಿ ಹೊರಳಿ ಎದ್ದ ಆನೆಯ ಚಿತ್ರ ತೆಗೆದರೆ ದೊರೆಯುವುದು ಕೆಸರಿನ ಜ್ವರ.

ಅಂತರ್ಯಾಮಿವಾದ

ಯಂತ್ರವು ಪ್ರಾಣಿಯೊಳಗೇ ನೆಲೆಸಿರಬೇಕೆಂಬುದು ಈ ಮತ. ಥಾಯ್ಲೆಂಡ್‌ನ ಆನೆಗಳಿಗೂ ಜರ್ಮನಿಯ ಮೃಗಾಲಯದ ಆನೆಗಳಿಗೂ ರೇಡಿಯೊ ಗುಳಿಗೆ ನುಂಗಿಸಿ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಥಾಯ್ ಆನೆಗಳ ಬಿಸಿಯ ದೈನಂದಿನ ಏರಿಳಿತ ಜರ್ಮನಿಯವುಗಳಿಗಿಂತ ಸುಮಾರು ದುಪ್ಪಟ್ಟು. ಅವು ರಾತ್ರಿಯಲ್ಲಿ ಮೈಯನ್ನು ಚೆನ್ನಾಗಿ ಆರಿಸಿಕೊಂಡು, ಹಗಲಿನ ಸೆಕೆಗೆ ಒಳಗೆ ಜಾಗ ಮಾಡಿಟ್ಟಿರುತ್ತವೆ. ಅಲಾಸ್ಕದಲ್ಲಿ ಊರಿಗೆ ನುಗ್ಗಿ ತಕರಾರು ಮಾಡಿ ಸಿಕ್ಕಿಬಿದ್ದ ಕಪ್ಪು ಕರಡಿಗಳ ಮೈಯೊಳಗೆ ಯಂತ್ರವಿಟ್ಟು, ಚಳಿನಿದ್ದೆಗೆ ಬಿಟ್ಟು ನೋಡಿದ ಕಥೆ 2011ರದು. ಬಿಸಿ 30ರಿಂದ 36 ಡಿಗ್ರಿಯ ನಡುವೆ, ದಿನಗಟ್ಟಲೆ ನಿಧಾನವಾಗಿ ಏರಿ ಇಳಿಯಿತು. ದೇಹದ ವ್ಯಾಪಾರ ಮಾಮೂಲಿನ ಕಾಲುಭಾಗಕ್ಕೆ ಇಳಿಯಿತು. ಈ ಮತದಲ್ಲಿ ದೋಷ ಒಂದೇ: ಅಂತರ್ಯಾಮಿಯನ್ನು ಪ್ರತಿಷ್ಠಾಪಿಸಲು ಮೊದಲು ಕರಡಿಯನ್ನು ಕೊಯ್ಯಬೇಕು. ಗುಳಿಗೆಗಾದರೆ ಆ ತೊಂದರೆಯಿಲ್ಲ. ಅದು ಯಥಾಕಾಲದಲ್ಲಿ ತಾನಾಗಿ ಹೊರಬೀಳುತ್ತದೆ. ಎಲ್ಲಿಗೆ ಬೀಳುತ್ತದೆ ಎಂಬ ವಿಚಾರದಿಂದಲೇ ನಾಲ್ಕನೆಯ ಮತ ಹುಟ್ಟುವುದು.

ಲದ್ದಿವಾದ

1936ರಲ್ಲಿ ಆನೆಯ ಶರೀರಕ್ರಿಯೆಯ ಮೇಲೆ ಇಡೀ ಗ್ರಂಥವನ್ನೇ ಬರೆದ ಅಮೆರಿಕದ ಫ್ರಾನ್ಸಿಸ್ ಬೆನೆಡಿಕ್ಟ್ ಈ ಮತದ ಹಿರಿಯರಲ್ಲೊಬ್ಬ. ಆಗತಾನೆ ಬಿದ್ದ ಲದ್ದಿ ಕೆಲವು ನಿಮಿಷ ಆನೆಯ ಒಳಬಿಸಿಯನ್ನೇ ಹೊತ್ತಿರುತ್ತದೆ. ಉಂಡೆಯ ಹೊರಮೈ ಬೇಗ ಆರುತ್ತದೆ. ಬಿದಿರು, ತೊಗಟೆ, ಹುಲ್ಲಿನ ನಾರು ಒತ್ತಾಗಿ ಕೂತ ನಟ್ಟನಡುವೆ ಥರ್ಮಾಮೀಟರ್ ಚುಚ್ಚಿ, ಅಂಕಿ ಏರಿ ನಿಂತಲ್ಲಿ ಓದಿಕೊಳ್ಳಬೇಕು. ಸಗಣಿಹುಳುಗಳು ಬರುವ ಮುಂಚೆ ಕಾರ್ಯ ಮುಗಿಯಬೇಕು. ಆನೆ ದಿನಕ್ಕೆ ಹದಿನೈದು ಹದಿನಾರು ಸಲ ಈ ಅವಕಾಶವನ್ನು ಧಾರಾಳವಾಗಿ ಒದಗಿಸುತ್ತದೆ. ಇಲ್ಲಿನ ಕಷ್ಟವಿಷ್ಟೇ: ಲದ್ದಿಯ ಬಿಸಿ ಆರುವಷ್ಟರಲ್ಲಿ ಲದ್ದಿಯ ಒಡೆಯ ಬಹಳ ದೂರ ಹೋಗಿರುವುದಿಲ್ಲ.

ಸಿದ್ಧಾಂತ

ಅಳತೆ ಪ್ರಾಣಿಯ ಒಳಗಿನಿಂದ ಬರಬೇಕು. ಅಳೆದದ್ದು ಪ್ರಾಣಿಗೆ ಗೊತ್ತಾಗಬಾರದು. ಮೊದಲ ಮತಕ್ಕೆ ಒಳಗುಂಟು, ಗುಟ್ಟಿಲ್ಲ. ಎರಡನೆಯದಕ್ಕೆ ಗುಟ್ಟುಂಟು, ಒಳಗಿಲ್ಲ. ಮೂರನೆಯದಕ್ಕೆ ಗಾಯ ಮಾದ ಮೇಲೆ ಎರಡೂ ಉಂಟು. ನಾಲ್ಕನೆಯದಕ್ಕೆ ಹುಟ್ಟಿನಿಂದಲೇ ಎರಡೂ ಉಂಟು. ಆದ್ದರಿಂದ ಲದ್ದಿಯೇ ಪರಮಪ್ರಮಾಣ.

ಶಂಕಾಪರಿಹಾರ

ದುಬಾರೆ, ಸಕ್ರೆಬೈಲಿನಂಥ ಆನೆ ಬಿಡಾರಗಳ ಮಾವುತರು, ಕಾವಾಡಿಗಳು ಇಷ್ಟೆಲ್ಲ ಇಲ್ಲದೆಯೇ ಆನೆಯ ಆರೋಗ್ಯ ಹೇಳಬಲ್ಲರಲ್ಲ ಎಂದು ಕೆಲವರು ಕೇಳಬಹುದು. ಕಾಲುಗುರಿನ ಬುಡದಲ್ಲಿ ಬೆವರಿನ ಪಸೆ ಇದೆಯೇ ಎಂದು ನೋಡುವುದು ಆನೆ ಸಾಕುವವರ ಹಳೆಯ ರೂಢಿ. ಒಣಗಿದ್ದರೆ ಮೈ ಸರಿಯಿಲ್ಲವೆಂದೇ ಲೆಕ್ಕ. ಆನೆಯ ಬೆವರುಗ್ರಂಥಿಗಳಿರುವುದು ಉಗುರಿನ ಆಸುಪಾಸಿನಲ್ಲೇ ಎಂದು ಸೂಕ್ಷ್ಮದರ್ಶಕದವರೂ ಆಮೇಲೆ ಕಂಡುಕೊಂಡರು. ಆದರೂ ಮಾವುತರು ಗ್ರಾಫ್ ಹಾಕಿಲ್ಲವಾದ್ದರಿಂದ ಇದನ್ನು ಪ್ರಮಾಣವೆಂದು ಒಪ್ಪಲಾಗದು. ಒಪ್ಪಿದರೆ ಈ ಪ್ರಬಂಧವೇ ವ್ಯರ್ಥವಾದೀತು, ಅದು ಅನಿಷ್ಟಪ್ರಸಂಗ.

ಫಲಶ್ರುತಿ

ಇದನ್ನು ನಿತ್ಯ ಪಾರಾಯಣ ಮಾಡಿದವರಿಗೆ ಪ್ರಾಣಿಗಳನ್ನು ಅವುಗಳ ಪಾಡಿಗೆ ಬಿಡುವ ಬುದ್ಧಿ ಬರುವುದು. ಬೆಳಗ್ಗೆ ಓದಿದವರಿಗೆ ಸಂಶೋಧನಾ ಅನುದಾನ, ಸಂಜೆ ಓದಿದವರಿಗೆ ಪ್ರಯಾಣಭತ್ಯೆ ಮಂಜೂರಾಗುವುದು. ಕಾಡಿನೊಳಗೆ ನಿಂತು ಗಟ್ಟಿಯಾಗಿ ಓದಿದವರಿಗೆ ಗಜರಾಜನ ಸಾಕ್ಷಾತ್ ದರ್ಶನವಾಗುವುದು. ಆಗ ಓದುಗನ ಮೈಬಿಸಿ ಎಷ್ಟಿತ್ತೆಂಬುದನ್ನು ಅವನೇ ಓಡುತ್ತಾ ಬರೆದಿಟ್ಟುಕೊಳ್ಳತಕ್ಕದ್ದು.