ತರಲೆ ಗುಳ್ಳಿ

"ಏನ್ರೀ ಅಕ್ಕೋರೆ, ಮತ್ತ ನಿಂತುಕೊಂಡೇ ಚಾ ಕುಡಿಯಾಕತ್ತೀರಿ? ಮನ್ಯಾಗ ಕುರ್ಚಿ ಇಲ್ಲೇನು?"

ಬೇಲಿಯಾಚೆಯ ದೊಡ್ಡವ್ವ ದಿನಾ ಮುಂಜಾನೆ ಕೇಳುವ ಮೊದಲ ಪ್ರಶ್ನೆ ಇದು. ನನ್ನ ಉತ್ತರವೂ ಬದಲಾಗಿಲ್ಲ. "ಕುರ್ಚಿ ಅದಾವ ದೊಡ್ಡವ್ವ, ಕುಂಡ್ರಾಕ ಟೊಂಕ ಇಲ್ಲ."

ದೊಡ್ಡವ್ವ ನನಗೇನೂ ಬಳಗವಲ್ಲ, ಬಳಗಾನೂರಿನ ನಮ್ಮ ಓಣಿಗೆಲ್ಲ ಆಕೆ ದೊಡ್ಡವ್ವ. ನಮ್ಮಿಬ್ಬರ ಹಿತ್ತಲಿನ ನಡುವೆ ಇರುವುದು ಜಾಲಿಮುಳ್ಳಿನ ಬೇಲಿ. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಹಳೆಯ ಮುಳ್ಳು ಕಿತ್ತು ಒಲೆಗೆ ಹಾಕಿ ಹೊಸ ಮುಳ್ಳು ಹಚ್ಚುವುದು ಆಕೆಯ ಕೆಲಸ. ನಾನು ಅಡ್ಡ ಹೋಗುವುದಿಲ್ಲ. ಮುಳ್ಳು ಹಚ್ಚಬೇಕೆಂದರೆ ಬಗ್ಗಬೇಕು, ಬಗ್ಗಬೇಕೆಂದರೆ ಮತ್ತದೇ ಟೊಂಕ ಬೇಕು.

ಮೂವತ್ತು ವರ್ಷ ನಿಂತು ಪಾಠ ಹೇಳಿದವಳು ನಾನು. ನಿವೃತ್ತಿಯಾದ ಮೇಲೆ ಕೂತು ತಿನ್ನಬಹುದು ಎಂದು ಲೆಕ್ಕ ಹಾಕಿದ್ದೆ. ಪಿಂಚಣಿ ಬಂತು, ಅದರ ಬೆನ್ನಿಗೇ ಟೊಂಕದ ಬ್ಯಾನಿಯೂ ಬಂತು. ಈಗ ತಿನ್ನುವುದಕ್ಕೇನೂ ಕೊರತೆಯಿಲ್ಲ, ಕೂರುವುದಕ್ಕಷ್ಟೇ ಬರುವುದಿಲ್ಲ. ಹತ್ತು ನಿಮಿಷ ಕೂತರೆ ಕುಂಡಿಯ ಕೆಳಗೆ ಯಾರೋ ಗೋಲಿ ಇಟ್ಟ ಹಾಗೆ ಆಗುತ್ತದೆ. ಇಪ್ಪತ್ತು ನಿಮಿಷಕ್ಕೆ ಗೋಲಿ ಕೆಂಡವಾಗುತ್ತದೆ. ಆಮೇಲೆ ತೊಡೆಯ ಹಿಂದಿನಿಂದ ಹಿಮ್ಮಡಿಯವರೆಗೆ ಜುಮ್ ಎಂದು ಇರುವೆ ಸಾಲು. ಸೀನಿದರೆ ಒಂದು ಮಿಂಚು, ಕೆಮ್ಮಿದರೆ ಎರಡು. ಹಾಸಿಗೆಯಲ್ಲಿ ಮಗ್ಗುಲಾದರೆ ಅರ್ಧ ತಾಸಿನಲ್ಲಿ ಎಲ್ಲ ತಣ್ಣಗೆ. ಹೀಗೆ ಮಲಗಿದ ಕೂಡಲೇ ವಾಸಿಯಾಗುವ ರೋಗವನ್ನು ಮನೆಯವರು ನಂಬುವುದು ಕಷ್ಟ. "ಮಲಗಾಕ ಒಂದು ನೆವ" ಅಂದುಬಿಡುತ್ತಾರೆ.

ಊರಿನ ಔಷಧಿಗಳನ್ನೆಲ್ಲ ಮುಗಿಸಿದೆ. ಎಣ್ಣೆ ತಿಕ್ಕಿದವರು, ಬಿಸಿ ಇಟ್ಟಿಗೆ ಇಟ್ಟವರು, "ನರ ಹೊರಳೈತಿ" ಎಂದು ಸೊಂಟದ ಮೇಲೆ ಕಾಲಿಟ್ಟು ತುಳಿದವರು. ತುಳಿದವರಿಗೆ ಐವತ್ತು ರೂಪಾಯಿ ಕೊಟ್ಟು ಮೂರು ದಿನ ಏಳಲಾಗಲಿಲ್ಲ. ಕಡೆಗೆ ರಾಯಚೂರಿಗೆ ಹೋಗಿ ಎಂಆರ್‌ಐ ಮಾಡಿಸಿದ್ದಾಯಿತು. ಕೊಳವೆಯೊಳಗೆ ಮಲಗಿಸಿ ಅರ್ಧ ತಾಸು ಡೊಳ್ಳು ಬಾರಿಸಿದರು. ಅಂಬಾಮಠದ ಜಾತ್ರೆಯಲ್ಲೂ ಅಷ್ಟು ಸದ್ದು ಕೇಳಿರಲಿಲ್ಲ.

ಮರುದಿನ ಕಾಗದ ಕೈಗೆ ಬಂತು. ಮೊದಲು ಡಿಸ್ಕ್ ಸವೆದಿರುವ ವರ್ಣನೆ, ಕೊನೆಯ ಸಾಲಿನಲ್ಲಿ ತ್ರಿಕಾಸ್ಥಿಯ ಎರಡನೆಯ ನರದ ಬೇರಿನ ಹತ್ತಿರ ಒಂದೂವರೆ ಸೆಂಟಿಮೀಟರಿನ ಟಾರ್ಲೋವ್ ಸಿಸ್ಟ್. ಊರಿಗೆ ಬಂದು ಬೇಲಿಯ ಹತ್ತಿರ ನಿಂತು ಓದಿ ಹೇಳಿದೆ.

"ಏನಂದ್ರಿ? ತರಲೆ?"

"ತರಲೆ ಅಲ್ಲ ದೊಡ್ಡವ್ವ, ಟಾರ್ಲೋವ್. ಕಂಡುಹಿಡಿದ ಡಾಕ್ಟರ್ ಹೆಸರು."

"ಅದ ಮತ್ತ, ತರಲೆ. ಕುಂಡ್ರಾಕ ಬಿಡವಲ್ದಂದ್ರ ತರಲೆ ಅಲ್ದ ಇನ್ನೇನು?"

ಆವತ್ತಿನಿಂದ ನಮ್ಮ ಓಣಿಯಲ್ಲಿ ಅದಕ್ಕೆ ತರಲೆ ಗುಳ್ಳಿ ಎಂದೇ ಹೆಸರು.

ಹೆಸರಿನ ವಿಷಯದಲ್ಲಿ ನಮ್ಮ ಸೀಮೆಯವರು ಸ್ವಲ್ಪ ಜಂಬ ಪಡಬಹುದು. ಅಶೋಕನ ಶಾಸನಗಳಲ್ಲಿ ಮೊದಲು ಸಿಕ್ಕವುಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂದು ಕೆತ್ತಿದ ಬಂಡೆ ಸಿಕ್ಕಿದ್ದು 1915ರಲ್ಲಿ, ಪಕ್ಕದ ಮಸ್ಕಿಯಲ್ಲಿ. ಹೆಸರು ಸಿಕ್ಕಿದ ಮೇಲೆ ಬಿರುದಿನ ಹಿಂದೆ ಇದ್ದವನು ಯಾರು ಎಂದು ಗೊತ್ತಾಯಿತು. ನನ್ನ ಬ್ಯಾನಿಗೂ ಹೆಸರು ಸಿಕ್ಕಿತಲ್ಲ, ಇನ್ನು ಎಲ್ಲ ಗೊತ್ತಾದ ಹಾಗೆ ಎಂದುಕೊಂಡೆ. ಬಂಡೆಯ ಮೇಲಿನ ಹೆಸರಿಗೂ ಎಂಆರ್‌ಐ ಕಾಗದದ ಮೇಲಿನ ಹೆಸರಿಗೂ ಬಹಳ ಅಂತರ ಇದೆ ಎಂದು ತಿಳಿಯಲು ಎರಡು ವರ್ಷ ಹಿಡಿಯಿತು.

ಮೊದಲು ತೋರಿಸಿದ ಕಡೆ, ಯಾವ ಊರು ಯಾರು ಎಂದು ಕೇಳಬೇಡಿ, "ಗಡ್ಡಿ ಐತಿ, ತಡ ಮಾಡಿದ್ರ ಕಾಲು ಹೋಗ್ತಾವ, ಆಪರೇಷನ್ ಮಾಡಿಬಿಡೋಣು" ಅಂದರು. ಮನೆಯಲ್ಲಿ ಮೂರು ದಿನ ಒಲೆ ಹಚ್ಚಿದ್ದು ನೆನಪಿಲ್ಲ. ಇನ್ನೊಂದು ಕಡೆ ಹೋದರೆ ಕಾಗದದ ಕೊನೆಯ ಸಾಲು ಓದದೆಯೇ ಮಡಚಿ ಕೊಟ್ಟು, "ಏನೂ ಇಲ್ರಿ, ವಯಸ್ಸಾದ ಮ್ಯಾಲ ಎಲ್ಲರಿಗೂ ಇರತೈತಿ" ಅಂದರು. ಕಾಲು ಹೋಗುತ್ತದೆ ಎಂದವರಿಗಿಂತ ಏನೂ ಇಲ್ಲ ಎಂದವರ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಏನೂ ಇಲ್ಲದಿದ್ದರೆ ನಾನು ನಿಂತು ಚಾ ಕುಡಿಯುವುದು ಶೋಕಿಗೇನು?

ಮಗ ಹಟ ಹಿಡಿದು ಬೆಂಗಳೂರಿನ ನಿಮ್ಹಾನ್ಸಿಗೆ ಕರೆದುಕೊಂಡು ಹೊರಟ. ಬೇಲಿಯಾಚೆ ಗಾಬರಿ. "ಟೊಂಕದ ಬ್ಯಾನಿಗೆ ತಲಿ ಕೆಟ್ಟವರ ದವಾಖಾನಿ ಯಾಕಬೇ?" ದೊಡ್ಡವ್ವನದು ತಪ್ಪಲ್ಲ. ಅಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನೂ ಮಾನಸಿಕ ಆರೋಗ್ಯದ ಸಂಸ್ಥೆಯನ್ನೂ 1974ರಲ್ಲಿ ಸೇರಿಸಿ ಕಟ್ಟಿದ್ದೇ ನಿಮ್ಹಾನ್ಸ್. ಮನಸ್ಸಿನ ಜೊತೆ ನರಗಳನ್ನೂ ನೋಡುತ್ತಾರೆ ಎನ್ನುವುದು ನಮ್ಮ ಕಡೆ ಇನ್ನೂ ಪೂರ್ತಿ ಮುಟ್ಟಿಲ್ಲ. ಸಿಂಧನೂರಿನಿಂದ ರಾತ್ರಿ ಬಸ್ಸಿನಲ್ಲಿ ಮಲಗಿಕೊಂಡು ಹೋದೆ. ಸ್ಲೀಪರ್ ಬಸ್ಸು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನಿಗೆ ನನ್ನಂಥವರೆಲ್ಲ ಸೇರಿ ಒಂದು ಗುಡಿ ಕಟ್ಟಿಸಬೇಕು.

ಅಲ್ಲಿ ಒಬ್ಬ ಹುಡುಗಿ ಡಾಕ್ಟರು, ನನ್ನ ಹಳೆಯ ವಿದ್ಯಾರ್ಥಿನಿಯ ವಯಸ್ಸಿನವಳು, ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದಳು. ಊರಿಗೆ ಬಂದು ಅದನ್ನೇ ದೊಡ್ಡವ್ವನಿಗೆ ಕಾಲುವೆಯ ಭಾಷೆಯಲ್ಲಿ ಹೇಳಿದೆ. ತುಂಗಭದ್ರಾ ಕಾಲುವೆಯ ನಮ್ಮ ಕಡೆ ಆ ಭಾಷೆ ತಿಳಿಯದವರು ಯಾರಿದ್ದಾರೆ?

"ನೋಡು ದೊಡ್ಡವ್ವ, ತಲೆಯಲ್ಲಿ ಒಂದು ಡ್ಯಾಮ್ ಅಂತ ತಿಳ್ಕೊ. ದಿನಕ್ಕೆ ಅರ್ಧ ಲೀಟರಿನಷ್ಟು ತಿಳಿನೀರು ಹುಟ್ಟತೈತಿ, ಅಷ್ಟೇ ನೀರು ಹಿಂಗಿ ಹೋಗತೈತಿ. ಯಾವಾಗ ನೋಡಿದರೂ ಒಳಗಿರೋದು ಒಂದು ಚಾ ಲೋಟದಷ್ಟು. ಅದು ಬೆನ್ನಹುರಿಯ ಸುತ್ತ ಎಡದಂಡೆ ಕಾಲುವೆ ಇದ್ದ ಹಾಗೆ ಕೆಳಗೆ ಇಳೀತೈತಿ. ಬೆನ್ನಹುರಿ ಸೊಂಟದ ಮೇಲೆಯೇ ಮುಗೀತೈತಿ. ಅಲ್ಲಿಂದ ಕೆಳಗೆ ಬರೀ ನರಗಳು, ಕುದುರೆ ಬಾಲದ ಹಂಗ. ಒಂದೊಂದು ನರ ಎಲುಬಿನ ತೂತಿನಿಂದ ಹೊರಗೆ ಹೋಗೋ ಕಡೆ ಒಂದೊಂದು ತೂಬು. ನನ್ನ ಒಂದು ತೂಬು ಕೆಟ್ಟೈತಿ. ನೀರು ಒಳಗೆ ಬರತೈತಿ, ಹೊರಗೆ ಹೋಗವಲ್ದು. ಅಲ್ಲೇ ನಿಂತು ಗುಳ್ಳಿ ಆಗೈತಿ. ನಿಂತರೆ ಕೂತರೆ ನೀರಿನ ಭಾರ ಕೆಳಗೆ, ಮಲಗಿದರೆ ಹಗುರ."

ದೊಡ್ಡವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಯೋಚಿಸಿದಳು. "ಅಲ್ರೀ, ನಮ್ಮ ಹೊಲಕ್ಕ ಕಾಲುವಿ ಕೊನಿಗೆ ನೀರ ಬರಂಗಿಲ್ಲ ಅಂತ ಹೊಡದಾಡತೀವಿ. ನಿಮ್ಮ ಮೈಯಾಗ ಕೊನಿಗೇ ನೀರು ನಿಂತೈತಂದ್ರ, ಪುಣ್ಯ ಮಾಡೀರಿ."

ಟಾರ್ಲೋವ್ ಎಂಬ ಅಮೆರಿಕದ ಡಾಕ್ಟರು ಇದನ್ನು ಮೊದಲು ಕಂಡದ್ದು 1938ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ನಮ್ಮಲ್ಲಿ ಆಗ ನಿಜಾಮರ ರಾಜ್ಯ, ತುಂಗಭದ್ರಾ ಡ್ಯಾಮಿಗೆ ಇನ್ನೂ ಕಲ್ಲು ಇಟ್ಟಿರಲಿಲ್ಲ. ಆತ ಸತ್ತವರ ಬೆನ್ನಹುರಿಯ ತುದಿಯನ್ನು ಪರೀಕ್ಷಿಸುತ್ತಿದ್ದಾಗ ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದದ್ದು ಈ ಗುಳ್ಳೆ. ಇದರಿಂದ ಏನೂ ತೊಂದರೆ ಇರಲಿಕ್ಕಿಲ್ಲ ಎಂದುಕೊಂಡ. ಹತ್ತು ವರ್ಷದ ಮೇಲೆ, 1948ರಲ್ಲಿ, ಕಾಲಿಗೆ ಇಳಿಯುವ ಸೊಂಟನೋವಿಗೆ ಇದೂ ಒಂದು ಕಾರಣ, ತೆಗೆದರೆ ನೋವು ಹೋಗಬಹುದು ಎಂದು ಅವನೇ ಬರೆದ. ಹೈದರಾಬಾದ್ ಸಂಸ್ಥಾನ ಬಿಡುಗಡೆಯಾದ ವರ್ಷ ಅದು. ಹೆಸರು ಕೊಟ್ಟ ಮನುಷ್ಯನೇ ಹತ್ತು ವರ್ಷಕ್ಕೆ ಮಾತು ಬದಲಿಸಿದ್ದಾನೆ ಎಂದು ತಿಳಿದ ಮೇಲೆ, ನಮ್ಮ ಡಾಕ್ಟರುಗಳು ಒಬ್ಬರೊಂದು ಹೇಳಿದ್ದಕ್ಕೆ ಬಂದ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧ ಇಳಿಸಿದ್ದು ಒಂದು ಲೆಕ್ಕ. 1994ರಲ್ಲಿ ಅಮೆರಿಕದ ಡಾಕ್ಟರುಗಳು ಸಾಲಾಗಿ 500 ಮಂದಿಯ ಸೊಂಟದ ಎಂಆರ್‌ಐ ನೋಡಿದರು. ನೂರಕ್ಕೆ 4.6ರಷ್ಟು ಮಂದಿಯಲ್ಲಿ, ಅಂದರೆ 23 ಜನರಲ್ಲಿ, ಈ ಗುಳ್ಳೆ ಇತ್ತು. ಅದರಿಂದಲೇ ನೋವು ಎನ್ನಬಹುದಾಗಿದ್ದು 5 ಜನರಿಗೆ ಮಾತ್ರ. ಮಿಕ್ಕ 18 ಮಂದಿಯಲ್ಲಿ ಗುಳ್ಳೆ ತನ್ನ ಪಾಡಿಗೆ ತಾನಿತ್ತು, ಅವರ ನೋವಿಗೆ ಕಾರಣ ಬೇರೆ. ಸಂತೆಯಲ್ಲಿ ಜೇಬು ಕಳವಾದರೆ ಅಲ್ಲಿ ನಿಂತವನೆಲ್ಲ ಕಳ್ಳನಲ್ಲ. ಹಾಗಂತ ಕಳ್ಳನೇ ಇಲ್ಲ ಎನ್ನುವುದೂ ಸರಿಯಲ್ಲ. ನನ್ನದು ಐವರ ಪಂಗಡವೋ ಹದಿನೆಂಟರ ಪಂಗಡವೋ ಎಂದು ತೀರ್ಮಾನಿಸಲು ಆ ಹುಡುಗಿ ಸೂಜಿ ಚುಚ್ಚಿ, ಕಾಲು ಎತ್ತಿಸಿ, ಡಿಸ್ಕಿನ ನರ ಯಾವುದು ಗುಳ್ಳೆಯ ನರ ಯಾವುದು ಎಂದು ಬೇರೆ ಮಾಡಿ ನೋಡಿದಳು. ನೋವಿನಲ್ಲಿ ಡಿಸ್ಕಿನದೂ ಪಾಲಿದೆ, ಗುಳ್ಳೆಯದೂ ಪಾಲಿದೆ ಎಂದಳು. ಆಸ್ತಿಯಂತೆ ನೋವೂ ಪಾಲಾಯಿತು.

"ಕುರು ಇದ್ದಂಗ ಕೊಯ್ದು ಒಗದ್ರ ಆತಲ್ಲ?" ಇದು ದೊಡ್ಡವ್ವನೊಬ್ಬಳ ಪ್ರಶ್ನೆಯಲ್ಲ, ನನ್ನದೂ ಅದೇ ಆಗಿತ್ತು. ತೊಡಕು ಏನೆಂದರೆ ಈ ಗುಳ್ಳೆಯ ಗೋಡೆಯಲ್ಲೇ ನರದ ಎಳೆಗಳು ಓಡುತ್ತವೆ. ಗೋಡೆ ಕೊಯ್ದರೆ ಎಳೆಯೂ ಹೋಗಬಹುದು. ಆ ಎಳೆಗಳು ಮೂತ್ರ, ಮಲ ತಡೆದು ಬಿಡುವ ಕೆಲಸದವು. ಸೂಜಿಯಿಂದ ನೀರು ಎಳೆದರೆ ನೋವು ಇಳಿಯುತ್ತದೆ, ಆದರೆ ಕೆಟ್ಟ ತೂಬು ಹಾಗೇ ಇರುವುದರಿಂದ ಬಹಳ ಸಲ ಮತ್ತೆ ತುಂಬಿಕೊಳ್ಳುತ್ತದೆ. ನೀರು ಎಳೆದು ಅಂಟು ತುಂಬುವ ಉಪಾಯ ಇದೆ, ಸೂಕ್ಷ್ಮ ಶಸ್ತ್ರಚಿಕಿತ್ಸೆ ಇದೆ. ಆರಿಸಿದ ಕೆಲವರಿಗೆ ಚೆನ್ನಾಗಿ ಗುಣವಾಗಿದೆ, ಕೆಲವರಿಗೆ ಆ ತಿಳಿನೀರು ಹೊರಗೆ ಸೋರುವ ಹೊಸ ಪೀಡೆ ಗಂಟುಬಿದ್ದಿದೆ. ಹಾಗಾಗಿ ದಿನದ ಬದುಕು ನಿಂತೇ ಹೋಗುವವರೆಗೆ ಚಾಕು ಬೇಡ ಎಂದಳು ಹುಡುಗಿ.

ಹಾಗಾದರೆ ಮುಂದೇನು? ನನ್ನನ್ನು ರಾತ್ರಿಯೆಲ್ಲ ಎಬ್ಬಿಸಿದ ಪ್ರಶ್ನೆ ಇದೇ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಬಹುತೇಕ ಜನರಲ್ಲಿ ವರ್ಷಗಟ್ಟಲೆ ಬೆಳೆಯದೆ ಇದ್ದ ಅಳತೆಯಲ್ಲೇ ಇರುತ್ತದೆ, ನೋವು ಮಾತ್ರ ಕಾಲುವೆಯ ನೀರಿನ ಹಾಗೆ ಪಾಳಿಯಲ್ಲಿ ಬರುತ್ತದೆ, ಹೋಗುತ್ತದೆ. ಕೆಲವರಲ್ಲಿ ನಿಧಾನವಾಗಿ ಬೆಳೆದು ಎಲುಬನ್ನು ಸವೆಸುವುದೂ ಉಂಟು, ಅದಕ್ಕೇ ಆಗಾಗ ನೋಡಿಸುತ್ತಿರಬೇಕು. ಇದಿಷ್ಟನ್ನು ಹೇಳಲು ಆ ಹುಡುಗಿ ಡಾಕ್ಟರಿಗೆ ಐದು ನಿಮಿಷ ಸಾಕಾಯಿತು. ಆ ಐದು ನಿಮಿಷವನ್ನು ಮೊದಲಿನವರು ಯಾರಾದರೂ ಕೊಟ್ಟಿದ್ದರೆ ನನ್ನ ಎರಡು ವರ್ಷದ ನಿದ್ದೆ ಉಳಿಯುತ್ತಿತ್ತು.

ಈಗ ಬದುಕು ಹೊಂದಿಕೊಂಡಿದೆ. ನಡುವೆ ತೂತಿರುವ ದಿಂಬು ಒಂದು ನನ್ನ ಜೊತೆ ಮದುವೆ, ಮುಂಜಿವೆ, ಗ್ರಾಮಸಭೆ ಎಲ್ಲ ಕಡೆ ಬರುತ್ತದೆ. ಮಕ್ಕಳು "ದಿಂಬಿನ ಅಕ್ಕೋರು" ಎನ್ನುತ್ತವೆ. ಊಟದ ಪಂಕ್ತಿಯಲ್ಲಿ ಕೂರುವುದಿಲ್ಲ, ನಿಂತು ಉಣ್ಣುವ ಬಫೆ ಬಂದದ್ದು ನನ್ನ ಸಲುವಾಗಿಯೇ ಇರಬೇಕು. ನೀರಿನ ಕೊಡ ಎತ್ತುವುದಿಲ್ಲ. ಮುಕ್ಕಿದರೆ ಗುಳ್ಳೆಗೆ ಒತ್ತಡ, ಅದಕ್ಕೆ ಮಲಬದ್ಧತೆ ಆಗದಂತೆ ಹೆಸರುಕಾಳು, ಹುಂಚಿಕ್‌ಪಲ್ಯ, ಬೇಕಷ್ಟು ನೀರು. ನರದ ನೋವಿಗೆ ರಾತ್ರಿ ಒಂದು ಮಾತ್ರೆ, ಅದರಿಂದ ಹಗಲೂ ಸ್ವಲ್ಪ ತೂಕಡಿಕೆ. ದಿನಾ ಸಂಜೆ ಕಾಲುವೆಯ ದಂಡೆಯ ಮೇಲೆ ನಡಿಗೆ. ಕೂರುವವಳಿಗೆ ಇರುವ ಶಿಕ್ಷೆ ನಡೆಯುವವಳಿಗಿಲ್ಲ.

ಒಂದನ್ನು ಮಾತ್ರ ದೊಡ್ಡವ್ವನಿಗೂ ಒಪ್ಪಿಸಿಟ್ಟಿದ್ದೇನೆ. ಎಂದಾದರೂ ನನಗೆ ಮೂತ್ರ ಕಟ್ಟಿದರೆ, ತಿಳಿಯದೆ ಹೋಗಿಬಿಟ್ಟರೆ, ಕೂತಾಗ ನೆಲಕ್ಕೆ ತಾಗುವ ಜಾಗ ಜೋಮು ಹಿಡಿದರೆ, ಇಲ್ಲ ಕಾಲಿನ ಶಕ್ತಿ ಹೋದರೆ, ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಗಾಡಿ ಮಾಡಿಸಬೇಕು. "ಅಷ್ಟು ನಾ ಮಾಡ್ತೀನಿ ಬಿಡ್ರೆವ್ವ" ಅಂದಿದ್ದಾಳೆ.

ಆಕೆ ನಲವತ್ತು ವರ್ಷ ಕೆಸರಿನಲ್ಲಿ ಬಗ್ಗಿ ನೆಲ್ಲು ಹಚ್ಚಿದವಳು, ಅದರ ನಡುವೆ ಹತ್ತಿ ಬಿಡಿಸಿದವಳು. ನಡೆಯುವಾಗ ಈಗಲೂ ನಾಟಿಯ ಗದ್ದೆಯಲ್ಲಿ ಇರುವ ಹಾಗೆಯೇ ಬಗ್ಗಿರುತ್ತಾಳೆ. "ನೀನೂ ಒಂದು ಫೋಟೋ ತೆಗಿಸು ದೊಡ್ಡವ್ವ" ಎಂದು ಹೇಳಿ ನೋಡಿದೆ.

"ಯಾಕ್ರೀ? ನನ್ನ ಒಳಗೂ ಒಂದು ತರಲೆ ಇದ್ರ, ಇರ್ಲಿ ಬಿಡ್ರಿ. ಇಷ್ಟು ದಿನ ಬಾಡಿಗಿ ಕೊಡದ ಇತ್ತು, ಈಗ ಹೆಸರು ಕೇಳಿ ಯಾಕ ಎಬ್ಬಸಬೇಕು?"

ಆಕೆಯ ಮಾತನ್ನು ನಾನು ಒಪ್ಪಲಿಲ್ಲ. ಆದರೆ ಎದುರುತ್ತರ ಕೊಡಲೂ ಆಗಲಿಲ್ಲ.

ಹೋದ ತಿಂಗಳು ಮತ್ತೆ ಎಂಆರ್‌ಐ ಆಯಿತು. ಗುಳ್ಳೆ ಅದೇ ಒಂದೂವರೆ ಸೆಂಟಿಮೀಟರ್, ಮೂರು ವರ್ಷದಲ್ಲಿ ಕೂದಲೆಳೆಯಷ್ಟೂ ಬೆಳೆದಿಲ್ಲ. ಅದೇ ಮೂರು ವರ್ಷದಲ್ಲಿ ದೊಡ್ಡವ್ವನ ಬೇಲಿ ನಮ್ಮ ಹಿತ್ತಲೊಳಗೆ ಎರಡು ಗೇಣು ಬಂದಿದೆ.